ಮನೆ ತೋರಿಸುವಾಗ ಸುಮ್ಮನಿರಬೇಕು

ಸ್ವಿಚ್ ಬೋರ್ಡಿನ ಕೆಳಗೆ ಹೆಬ್ಬೆರಳಿನ ಗುರುತು, ಕಂದು ಬಣ್ಣದ್ದು, ಎಣ್ಣೆಗೈಯದು, ನಿನ್ನೆ ಗೋಡೆ ಒರೆಸುವಾಗ ಹೇಗೆ ನನ್ನ ಕಣ್ಣು ತಪ್ಪಿಸಿತೋ, ಈಗ ನೋಡಿದರೆ ಇಡೀ ಗೋಡೆಯಲ್ಲಿ ಅದೊಂದೇ ಎದ್ದು ಕಾಣುತ್ತಿದೆ — ಅವರಿಗೂ ಕಂಡಿತೇ, ಇಲ್ಲ, ಮನೆ ನೋಡಲು ಬಂದ ಗಂಡ ಹೆಂಡತಿ ಇಬ್ಬರೂ ಇನ್ನೂ ಬಾಗಿಲಲ್ಲೇ ಬಗ್ಗಿ ಬೂಟು ಬಿಚ್ಚುತ್ತಿದ್ದಾರೆ, ಅಯ್ಯೋ ಪರ್ವಾಗಿಲ್ಲ ಹಾಗೇ ಬನ್ನಿ ಎಂದು ನಾದಿನಿ ರಾಗ ಎಳೆಯುತ್ತಿದ್ದಾಳೆ, ಅಷ್ಟರಲ್ಲಿ ನಾನು ಮೆಲ್ಲಗೆ ಸರಿದು ಬೆನ್ನಿನಿಂದ ಗುರುತನ್ನು ಮುಚ್ಚಿ ನಿಂತರೆ ಆಯಿತು, ಹೀಗೆ, ಬೆನ್ನು ಗೋಡೆಗೆ, ಕೈ ಹಿಂದಕ್ಕೆ, ಮುಖದ ಮೇಲೆ ನಗು, ಬಾಯಿ ಮಾತ್ರ ಮುಚ್ಚಿರಬೇಕು. ಬಾಯಿ ಮುಚ್ಚಿಕೊಂಡಿರುವುದೇ ಇವತ್ತಿನ ನನ್ನ ಕೆಲಸ. ಬೆಳಿಗ್ಗೆ ನಮ್ಮ ಯಜಮಾನರು ಆಣೆ ಹಾಕಿಸಿಕೊಂಡೇ ನನ್ನನ್ನು ಹೊರಡಿಸಿದ್ದು, ನೋಡು, ಬಂದೋರ ಮುಂದೆ ಹೂಂ, ಉಹೂಂ, ಅಷ್ಟೇ, ಮೂರನೇ ಮಾತು ನಿನ್ನ ಬಾಯಿಂದ ಬಂತೋ, ಸಂಜೆ ಕೆಳಗಿನ ಹಾಸಿಗೆ ಅಂಗಡಿಯೋರಿಗೆ ಮನೆ ನೀವೇ ತಗೊಳ್ಳಿ ಅಂದ್ಬಿಡ್ತೀನಿ — ಎಂಥ ಗಂಡ, ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಎರಡೇ ಮಾತಿನ ರೇಷನ್ನು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ, ಕೊಂಡ ಮನೆ ಖಾಲಿ ಬಿದ್ದಿದೆ, ಸಾಲದ ಕಂತು ನಮ್ಮಿಬ್ಬರ ಸಂಬಳವನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದೆ, ಬಾಡಿಗೆಗೆ ಯಾರಾದರೂ ಬಂದರೆ ಮನೆ ತನ್ನ ಕಂತನ್ನು ತಾನೇ ಕಟ್ಟಿಕೊಳ್ಳುತ್ತದೆ, ಬರದಿದ್ದರೆ ಹಾಸಿಗೆ ಅಂಗಡಿಯವರ ಗೋಡೌನು ಆಗುತ್ತದೆ. ಈ ಎರಡು ಕೋಣೆ, ಈ ಪುಟ್ಟ ಅಡುಗೆಮನೆ, ನಾನು ಮೊಣಕಾಲೂರಿ ಉಜ್ಜಿ ಉಜ್ಜಿ ಬಣ್ಣ ತರಿಸಿದ ಈ ನೆಲ, ಎಲ್ಲದರ ಮೇಲೂ ಸ್ಪಂಜಿನ ಹಾಸಿಗೆಗಳು ಸೂರು ಮುಟ್ಟುವವರೆಗೆ. ಅಬ್ಬಾ, ನೆನೆಸಿಕೊಂಡರೇ ಉಸಿರುಕಟ್ಟುತ್ತದೆ. ಇವತ್ತೇ ಕೊನೆ, ಇವರೇ ಕೊನೆಯವರು, ನಗುತ್ತಾ ನಿಲ್ಲು.

ನನ್ನದು ಕೆಟ್ಟ ಬಾಯಿ ಅಲ್ಲ, ಯಾರನ್ನು ಬೇಕಾದರೂ ಕೇಳಿ, ನನ್ನದು ಕೆಲಸದ ಕಣ್ಣು, ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಸಾಲಿನ ಕೊನೆಯ ಮೇಜು ನನ್ನದು, ಹೊಲಿದು ಮುಗಿದ ಅಂಗಿ ನನ್ನ ಕೈಗೆ ಬರುತ್ತದೆ, ಕಾಲರಿನ ಎರಡು ಮೂತಿ ಸಮ ಇವೆಯೇ, ಗುಂಡಿಯ ಹಿಂದೆ ದಾರ ಬಿಟ್ಟಿದೆಯೇ, ಜೇಬು ಸೊಟ್ಟಗಿದೆಯೇ, ತಪ್ಪು ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸು, ಅದಕ್ಕೇ ಅಲ್ಲಿ ಎಲ್ಲರೂ ನನ್ನನ್ನು ಬಾಣದಕ್ಕ ಅನ್ನುವುದು, ಎದುರಿಗೇ ಅನ್ನುತ್ತಾರೆ, ನನಗೂ ಒಳಗೊಳಗೇ ಖುಷಿ. ಅಷ್ಟೇ ಏಕೆ, ಈ ಮನೆ ನಮಗೆ ಸಿಕ್ಕಿದ್ದೇ ಈ ಬಾಣದಿಂದ. ಆಗ ಮಾರುತ್ತಿದ್ದ ಮುದುಕಪ್ಪ ತನ್ನ ಮನೆ ತೋರಿಸುತ್ತಾ ಬಂದ, ನಾನು ಹಿಂದೆ ಹಿಂದೆ ಹೋಗಿ, ಇಲ್ಲಿ ಬಿರುಕು, ಅಲ್ಲಿ ತುಕ್ಕು, ಈ ಚೌಕಟ್ಟು ಊದಿದೆ, ಆ ಟೈಲು ತಟ್ಟಿದರೆ ಟೊಳ್ಳು, ಎನ್ನುತ್ತಾ ಹೋದೆ, ಕೊನೆಗೆ ಆತ ತಲೆ ಹಿಡಿದುಕೊಂಡು ಕೂತು, ತಾಯಿ, ನೀವು ಹೇಳಿದ ರೇಟಿಗೇ ತಗೊಳ್ಳಿ, ಆದ್ರೆ ದಯವಿಟ್ಟು ಇನ್ನೊಂದು ಕೋಣೆ ನೋಡ್ಬೇಡಿ, ಎಂದ. ಆವತ್ತು ನಮ್ಮವರು ದಾರಿಯುದ್ದಕ್ಕೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು, ನಿನ್ನ ಬಾಯಿಂದಾನೇ ಮನೆ ಆಯ್ತು ಕಣೇ, ನಾವೂ ಮನೆ ಓನರ್ ಆಗ್ಬಿಟ್ವಿ! ಈಗ ಅದೇ ಬಾಯಿಗೆ ಬೀಗ. ಏಕೆಂದರೆ ಬಾಡಿಗೆಗೆ ಬಂದವರಿಗೂ ನಾನು ಅದನ್ನೆಲ್ಲ ತೋರಿಸಿದೆ, ತೋರಿಸದೆ ಹೇಗೆ ಇರುವುದು, ಕಣ್ಣಿಗೆ ಕಂಡಿದ್ದನ್ನು ಕಾಣದ ಹಾಗೆ ಕಟ್ಟಿ ಕಳಿಸಿದರೆ ಕೆಲಸ ಮಾಡಿದ ಹಾಗಾಯಿತೇ — ಮೊದಲು ಬಂದ ಟೀಚರಮ್ಮನಿಗೆ ಮಧ್ಯಾಹ್ನದ ಬಿಸಿಲಿಗೆ ನಿಮ್ಮ ಪರದೆಗಳು ಬಣ್ಣ ಹೋಗುತ್ತವೆ ಎಂದೆ, ಆಮೇಲೆ ಬಂದ ಪಿಟೀಲಿನವರಿಗೆ ಮೇಲಿನ ಮನೆಯ ಅಜ್ಜ ಇಡೀ ದಿನ ಮರದ ಚಪ್ಪಲಿ ಹಾಕಿಕೊಂಡು ಓಡಾಡುತ್ತಾರೆ ಎಂದೆ, ಆ ಒಂಟಿ ಹುಡುಗ ಪಾಪ, ಏನನ್ನೂ ನೋಡದೆ ಒಪ್ಪಿಕೊಂಡಿದ್ದ, ಕೀ ಕೊಡಿ ಆಂಟಿ ಸಾಕು ಎಂದಿದ್ದ, ಅವನಿಗೆ ನಾನು, ಕೀ ಕೊಡ್ತೀನಪ್ಪ, ಆದ್ರೆ ಈ ಬೀಗಕ್ಕೆ ಕೀ ಯಾಕೆ ಬೇಕು, ಸ್ಕ್ರೂಡ್ರೈವರ್ ಇದ್ರೆ ಸಾಕು, ಎಂದು ತೆರೆದೂ ತೋರಿಸಿದೆ, ಕಾಲಿಗೆ ಬುದ್ಧಿ ಹೇಳಿದ ಪುಣ್ಯಾತ್ಮ ಮತ್ತೆ ಫೋನೇ ಎತ್ತಲಿಲ್ಲ. ಆ ಬೀಗವನ್ನು ಮಾರನೇ ದಿನವೇ ಬದಲಾಯಿಸಿದ್ದೇನೆ, ಅದನ್ನು ಅವನಿಗೆ ಹೇಳುವುದಾದರೂ ಹೇಗೆ.

ಬಂದರು, ಒಳಗೆ ಬಂದರು. ಇಬ್ಬರಿಗೂ ನಡುವಯಸ್ಸು ದಾಟಿದೆ, ಆದರೆ ಹೊಸ ಜೋಡಿ, ಮದುವೆಯಾಗಿ ಇನ್ನೂ ತಿಂಗಳಾಗಿಲ್ಲವಂತೆ, ಅವರಿಗೂ ಎರಡನೆಯದು, ಆಕೆಗೂ ಎರಡನೆಯದು, ನಾದಿನಿ ಮೆಟ್ಟಿಲು ಹತ್ತುವಷ್ಟರಲ್ಲೇ ಎಲ್ಲ ಕೇಳಿ ತಿಳಿದುಕೊಂಡಿದ್ದಾಳೆ, ಅವಳು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಗಿರಾಕಿಯ ಕಾಲು ಹಿಡಿದ ಕೂಡಲೇ ಮನೆತನದ ಚರಿತ್ರೆಯೇ ಬಾಯಿಬಿಡಿಸುತ್ತಾಳೆ, ಎಂಟನೇ ನಂಬರಿನ ಕಾಲಿಗೆ ಏಳನೇ ನಂಬರಿನ ಬೂಟು ತೊಡಿಸಿ ಹಾಕ್ಕೊಳ್ತಾ ಹಾಕ್ಕೊಳ್ತಾ ಸರಿಹೋಗುತ್ತೆ ಎಂದು ಕಳಿಸುವ ಗಟ್ಟಿಗಿತ್ತಿ, ಅದಕ್ಕೇ ಇವತ್ತು ಮಾತಿನ ಇಲಾಖೆ ಅವಳದು. ಗಂಡಸು ಕಾರು ಓಡಿಸಲು ಕಲಿಸುವ ಮೇಷ್ಟ್ರು, ಆಕೆ ತಲೆಗೂದಲು ಕತ್ತರಿಸುವ ಪಾರ್ಲರಿನಾಕೆ, ಕಾರು ಕಲಿಯಲು ಹೋಗಿ ಕಲಿಯದೇ ಮೇಷ್ಟ್ರನ್ನು ಕಟ್ಟಿಕೊಂಡು ಬಂದಳಂತೆ, ಮೇಷ್ಟ್ರೇ ಇಲ್ಲಿ ನೋಡಿ, ಮೇಷ್ಟ್ರೇ ಅಲ್ಲಿ ನೋಡಿ, ಎಂದು ಈಗಲೂ ಹಾಗೇ ಕರೆಯುತ್ತಾಳೆ, ಕೇಳಲು ಚೆನ್ನಾಗಿದೆ. ನಾದಿನಿ ಶುರುಮಾಡಿದಳು, ಹಾಲ್ ನೋಡಿ ಎಷ್ಟು ದೊಡ್ಡದು — ದೊಡ್ಡದಂತೆ, ಒಂದು ಸೋಫಾ ಇಟ್ಟರೆ ಮನುಷ್ಯರು ಅಡ್ಡಡ್ಡ ನಡೆಯಬೇಕು, ತಡೆ, ತಡೆ, ಒಳಗೇ ಅಂದುಕೋ — ಗಾಳಿ ಬೆಳಕು ಅಂತೂ ಕೇಳೋದೇ ಬೇಡ, ಹೂಂ, ನಿಜ, ಒಳಗಿನ ಆ ಬಿಗಿ ಕಿಟಕಿ ತೆರೆಯುವವರೆಗೆ ಕೇಳದಿರುವುದೇ ಒಳ್ಳೆಯದು — ನೆರೆಹೊರೆ ಶಾಂತ, ಮೇಲಿನ ಮನೇಲಿ ಒಬ್ರೇ ಅಜ್ಜ ಇರೋದು, ಇದ್ದಾರೋ ಇಲ್ವೋ ಗೊತ್ತೇ ಆಗಲ್ಲ — ಟಕ್, ಟಕ್, ಟಕ್, ಅಜ್ಜ ಅದೇ ಗಳಿಗೆಗೆ ಮರದ ಚಪ್ಪಲಿಯಲ್ಲಿ ಅಡುಗೆಮನೆಗೆ ಹೊರಟರು, ನನಗೆ ನಗು ಒತ್ತರಿಸಿ ಬಂತು, ತುಟಿ ಕಚ್ಚಿ ಸೂರು ನೋಡಿದೆ, ಪಾರ್ಲರಿನಾಕೆಯೂ ಸೂರು ನೋಡಿದಳು, ನಾದಿನಿ ಒಂದಿಷ್ಟೂ ಅಳುಕದೆ, ನೋಡಿದ್ರಾ, ಈ ವಯಸ್ಸಲ್ಲೂ ಎಷ್ಟು ಗಟ್ಟಿಯಾಗಿದ್ದಾರೆ, ಎಂದಳು. ನಾದಿನಿಯ ಮಾತು ಜೋರಾದಾಗೆಲ್ಲ ಮೇಷ್ಟ್ರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿದೆ, ಬ್ರೇಕು ಹಾಕುತ್ತಿದ್ದಾರೆ, ಅಯ್ಯೋ ದೇವರೇ, ನಿಜವಾಗಿ ಬ್ರೇಕು ಹಾಕುತ್ತಿದ್ದಾರೆ!

ಗೋಡೆ ತಟ್ಟುತ್ತಿದ್ದಾರೆ ಈಗ. ಬೆರಳ ಗೆಣ್ಣಿನಿಂದ, ಕಿವಿ ಹತ್ತಿರ ಇಟ್ಟು. ಅಡುಗೆಮನೆಯ ಚೌಕಟ್ಟಿನ ಮೇಲೆ ಅಂಗೈ ಸವರಿದರು, ನಲ್ಲಿ ತಿರುಗಿಸಿದರು, ಮುಚ್ಚಿ ಮತ್ತೆ ತಿರುಗಿಸಿದರು, ಬಾಗಿಲು ಅರ್ಧ ತೆರೆದು ಕೈಬಿಟ್ಟು ಅದು ತಾನಾಗಿ ಎತ್ತ ಹೋಗುತ್ತದೆ ನೋಡಿದರು, ಭಲೇ, ಕೆಲಸ ಗೊತ್ತಿರುವ ಮನುಷ್ಯ, ನಮ್ಮ ಮೇಜಿಗೆ ಬೇಕಾಗಿದ್ದವರು, ಇಂಥವರ ಪಕ್ಕ ಕೂತು ಅಂಗಿ ನೋಡಬೇಕು — ಮೆಚ್ಚುತ್ತಾ ನಾನು ಗೋಡೆಯಿಂದ ಬೆನ್ನು ತೆಗೆದೇಬಿಟ್ಟಿದ್ದೆ, ನಾದಿನಿ ಕಣ್ಣು ಬಿಟ್ಟಳು, ಮತ್ತೆ ಅಂಟಿಕೊಂಡೆ. ಆಗ ಅವರು ಜೇಬಿಗೆ ಕೈ ಹಾಕಿ ಒಂದು ಗೋಲಿ ತೆಗೆದರು. ಹಸಿರು ಗಾಜಿನ ಗೋಲಿ. ಅದೇನು ಮೇಷ್ಟ್ರೇ ಎಂದು ನಾದಿನಿ ಕೇಳಿದಳು, ಅದಾ, ಅದು ಕಾರಲ್ಲಿ ಎದುರಿಗೆ ತಟ್ಟೇಲಿ ಇಡ್ತಾರೆ, ಗಾಡಿ ಓಡಿಸೋರು ಗೋಲಿ ಬೀಳದ ಹಾಗೆ ಓಡಿಸ್ಬೇಕು, ನನ್ನ ಕೈಲಿ ಒಂದು ದಿನಾನೂ ಅದು ತಟ್ಟೇಲಿ ನಿಲ್ಲಲಿಲ್ಲ, ಸೀಟಿನ ಕೆಳಗೆ ಹುಡುಕೋದ್ರಲ್ಲೇ ನಮ್ಮ ಪರಿಚಯ ಆಗಿದ್ದು, ಎಂದು ಪಾರ್ಲರಿನಾಕೆ ನಕ್ಕಳು. ಮೇಷ್ಟ್ರು ನಗಲಿಲ್ಲ, ಕೂತು, ಬಾಗಿಲ ಬಳಿ ನೆಲದ ಮೇಲೆ ಗೋಲಿಯನ್ನು ಇಟ್ಟು ಬೆರಳು ತೆಗೆದರು. ಅದು ಒಂದು ಕ್ಷಣ ಯೋಚಿಸಿತು, ಆಮೇಲೆ ಹೊರಟಿತು, ಮೊದಮೊದಲು ನಿಧಾನ, ಆಮೇಲೆ ಗಡಿಬಿಡಿಯಲ್ಲಿ, ಹಾಲ್ ದಾಟಿ, ಅಡುಗೆಮನೆಯ ಮುಂದೆ ಹಾದು, ನೇರ ಬಚ್ಚಲಿನ ಹೊಸ್ತಿಲ ಹತ್ತಿರ ಹೋಗಿ ಟಣ್ ಎಂದು ನಿಂತಿತು. ನಾನು ಬೆಪ್ಪಾಗಿ ನೋಡುತ್ತಿದ್ದೆ, ಇಷ್ಟು ದಿನ ಈ ಮನೆಯ ಸಂದುಗೊಂದು ಜಾಲಾಡಿದ ನನಗೆ ಈ ಗೋಲಿಯ ಉಪಾಯ ಹೊಳೆದಿರಲಿಲ್ಲವಲ್ಲ, ಥತ್, ಬಾಣದಕ್ಕನಂತೆ ಬಾಣದಕ್ಕ! ಮೇಷ್ಟ್ರು ಎದ್ದು ಮೊಣಕಾಲು ಝಾಡಿಸಿಕೊಂಡು, ನೆಲ ಇಳಿಜಾರು, ಎಂದರು. ಆಮೇಲೆ, ಯಾರೋ ಅರ್ಜೆಂಟಲ್ಲಿ ಕಟ್ಟಿದ್ದಾರೆ ಮನೇನ, ಎಂದರು. ಕತ್ತಲು ಬೇರೆ, ಎಂದರು.

ನಾದಿನಿಯ ಮುಖ ನೋಡಬೇಕಿತ್ತು, ಗಿರಾಕಿ ಬೂಟು ಬಿಚ್ಚಿ ಎದ್ದು ನಿಂತಾಗಿನ ಮುಖ, ಇಲ್ಲ ಸಾರ್, ಅದು ಏನಾಗುತ್ತೆ ಅಂದ್ರೆ, ಬೇಕಿದ್ರೆ ಬಾಡಿಗೇಲಿ ಒಂಚೂರು ಹೆಚ್ಚುಕಡಿಮೆ ಮಾಡ್ಕೊಳ್ಳೋಣ, ಈಗ ನೆಲ ಸ್ವಲ್ಪ ಹಾಗಿದೆ ಅಂತ ಆದ್ರೆ — ನೆಲ ಹಾಗಿದೆಯಂತೆ, ಹೇಗಿದೆ, ಹೇಗಿದೆ ನನ್ನ ನೆಲ, ನನಗೆ ಕಿವಿ ಬಿಸಿಯಾಯಿತು, ಅರ್ಜೆಂಟಲ್ಲಿ ಕಟ್ಟಿದ್ದಂತೆ, ಕತ್ತಲಂತೆ, ಬಿರುಕು ಎನ್ನಿ, ಒಪ್ಪುತ್ತೇನೆ, ಚೌಕಟ್ಟು ಊದಿದೆ ಎನ್ನಿ, ನಾನೇ ಕೈಹಿಡಿದು ತೋರಿಸುತ್ತೇನೆ, ಆದರೆ ಇಲ್ಲದ ತಪ್ಪಿಗೆ ಬಾಣ ಅಂಟಿಸುವುದು ಯಾವ ನ್ಯಾಯ, ಅದನ್ನು ನಾನು ನಮ್ಮ ಕಾರ್ಖಾನೆಯಲ್ಲಿ ಒಂದು ಅಂಗಿಗೂ ಮಾಡಿಲ್ಲ, ಹೂಂ, ಉಹೂಂ, ಹೂಂ, ಎರಡೇ ಮಾತು, ಆಣೆ, ಹಾಸಿಗೆ, ಸ್ಪಂಜು, ಸೂರಿನವರೆಗೆ — ಬಾಯಿ ಯಾವಾಗ ತೆರೆಯಿತೋ ನನಗೇ ಗೊತ್ತಿಲ್ಲ, ಮಾತು ಆಗಲೇ ಹೊರಗೆ ಬಂದಿತ್ತು, ಇಳಿಜಾರೇ ಇರ್ಬೇಕು ಸ್ವಾಮಿ! ಇಳಿಜಾರು ಇಲ್ದಿದ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತೆ, ನಿಮ್ಮ ತಲೆ ಮೇಲಾ? ನಾದಿನಿ ಅತ್ತಿಗೇ ಎಂದು ಕಿರುಚಿದಳು. ಇರೇ ನೀನು! ಈ ನೆಲ ನಾನು ಎಷ್ಟು ಸಲ ತೊಳೆದಿದ್ದೀನಿ ಗೊತ್ತಾ, ಒಂದು ಸಲಾನೂ ಪೊರಕೆ ಹಿಡಿದು ನೀರು ತಳ್ಳಿಲ್ಲ, ಸುರಿದ್ರೆ ಆಯ್ತು, ಅದರ ಪಾಡಿಗೆ ಅದು ಬಚ್ಚಲಿಗೆ ಹೋಗುತ್ತೆ, ಕಟ್ಟಿದೋನು ಯಾರೋ ಏನೋ, ಮನೇಲಿ ನೆಲ ತೊಳೆಯೋರ ಸೊಂಟದ ಬಗ್ಗೆ ಯೋಚನೆ ಮಾಡಿ ಕಟ್ಟಿದ್ದಾನೆ, ಅರ್ಜೆಂಟಲ್ಲಿ ಕಟ್ಟಿದ್ದಂತೆ ಅರ್ಜೆಂಟಲ್ಲಿ! — ಹೇಳುತ್ತಾ ಹೇಳುತ್ತಾ ನನಗೂ ಅದು ಆಗಲೇ ಅರ್ಥವಾಗುತ್ತಿತ್ತು, ಇಷ್ಟು ದಿನ ನೀರು ಏಕೆ ಅಷ್ಟು ಸಲೀಸಾಗಿ ಹೋಗುತ್ತದೆ ಎಂದು ನಾನು ಕೇಳಿಕೊಂಡೇ ಇರಲಿಲ್ಲ, ತಪ್ಪಿದ್ದರೆ ತಾನೇ ನನ್ನ ಕಣ್ಣಿಗೆ ಬೀಳುವುದು, ಸರಿ ಇರುವುದನ್ನು ನಾನು ಯಾವತ್ತು ನೋಡಿದ್ದೆ.

ಮೇಷ್ಟ್ರ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿಕೊಂಡಿತ್ತು. ನೀರು ಹಾಕಿ, ನೋಡೋಣ, ಎಂದರು, ಅಷ್ಟೇ. ಹಾಕ್ತೀನಿ, ನೋಡಿ, ಎಂದು ಬಚ್ಚಲಿಗೆ ನುಗ್ಗಿ ಮಗ್ಗು ತುಂಬಿಸಿಕೊಂಡು ಬಂದೆ, ಬರುವಾಗಲೇ ಅನ್ನಿಸಿತು, ಅಕಸ್ಮಾತ್ ಹೋಗದಿದ್ದರೆ, ನಡುವೆ ಎಲ್ಲಾದರೂ ನಿಂತುಬಿಟ್ಟರೆ, ತೊಳೆಯುವಾಗ ಬಕೆಟ್ಟುಗಟ್ಟಲೆ ಸುರಿಯುತ್ತೇನೆ, ಇದೋ ಒಂದು ಮಗ್ಗು, ಮಾತಿನ ಭರದಲ್ಲಿ ಮನೆಯನ್ನೇ ಪಣಕ್ಕಿಟ್ಟೆನಲ್ಲ, ನಮ್ಮವರು ಹೇಳಿದ್ದು ಸರಿ, ನನಗೆ ಬಾಯಿ ಕೊಟ್ಟವನನ್ನು ಹುಡುಕಿ ಬಯ್ಯಬೇಕು — ಬಾಗಿಲ ಬಳಿ ಸುರಿದೆ. ನೀರು ಹರಡಿತು, ತೆಳ್ಳಗೆ, ಒಂದು ನಾಲಿಗೆ ಚಾಚಿ ಹೊರಟಿತು, ಪಾರ್ಲರಿನಾಕೆ ಕಾಲೆತ್ತಿ ದಾರಿ ಬಿಟ್ಟಳು, ನಾದಿನಿ ಬಿಡಲಿಲ್ಲ, ಕಾಲುಚೀಲ ಒದ್ದೆ ಮಾಡಿಕೊಂಡಳು, ಹೋಗುತ್ತಿದೆ, ಹೋಗುತ್ತಿದೆ, ಹಾಲಿನ ನಡುವೆ ಎರಡು ಟೈಲು ಸೇರುವ ಗೆರೆಯ ಹತ್ತಿರ ನಿಂತಿತು. ನಿಂತೇಬಿಟ್ಟಿತು. ಅಂಚು ಉಬ್ಬಿತು, ಒಂದಿಷ್ಟು ಎಡಕ್ಕೆ ತಿರುಗಿ ನೋಡಿತು, ಮೇಲಿನ ಅಜ್ಜನ ಚಪ್ಪಲಿಯೂ ನಿಂತಿದೆ, ಹೋಗು ಮಾರಿ, ಹೋಗು ನನ್ನ ಬಂಗಾರ, ಇಷ್ಟು ದಿನ ಹೋದೆಯಲ್ಲ, ಇವತ್ತೊಂದು ದಿನ ನನ್ನ ಮಾನ ಉಳಿಸು — ಗೆರೆ ದಾಟಿತು! ದಾಟಿದ್ದೇ ತಡ ಸರಸರ ಅಡುಗೆಮನೆಯ ಮುಂದೆ ಹಾದು, ಗೋಲಿಯನ್ನು ಬಳಸಿಕೊಂಡು, ಹೊಸ್ತಿಲ ಕೆಳಗಿನ ತೂತಿಗೆ ಗುಳುಗುಳು ಇಳಿದುಹೋಯಿತು. ಪಾರ್ಲರಿನಾಕೆ ಚಪ್ಪಾಳೆ ತಟ್ಟಿದಳು, ನಿಜವಾಗಿ ತಟ್ಟಿದಳು, ಮೇಷ್ಟ್ರೇ, ಅವರು ಪಾಸು, ನೀವು ಫೇಲು! ಮೇಷ್ಟ್ರು ಹೋಗಿ ಗೋಲಿ ಎತ್ತಿ ಪ್ಯಾಂಟಿಗೆ ಒರೆಸಿಕೊಂಡು ಮೊದಲ ಸಲ ನಕ್ಕರು, ಮುಂದಿನ ಹಲ್ಲೊಂದು ಇನ್ನೊಂದರ ಮೇಲೆ ಹತ್ತಿದೆ, ನೋಡಬೇಡ, ಅದನ್ನು ನೋಡಬೇಡ, ನಗು ನೋಡು, ಚೆನ್ನಾಗಿದೆ.

ಇನ್ನು ಕತ್ತಲು, ಎಂದೆ ನಾನು, ಕತ್ತಲು ಅಂದ್ರಲ್ಲ, ಬನ್ನಿ ಈ ಕಡೆ. ಈಗ ನನ್ನನ್ನು ಯಾರು ಹಿಡಿಯುತ್ತಾರೆ, ಆಣೆ ಮುರಿದದ್ದು ಮುರಿದಾಯಿತು. ಮಲಗುವ ಕೋಣೆಯ ಕಿಟಕಿ ಬಿಗಿ, ಎಳೆದರೆ ಬರುವುದಿಲ್ಲ, ತಳ್ಳಿದರೂ ಇಲ್ಲ, ಸ್ವಲ್ಪ ಮೇಲಕ್ಕೆತ್ತಿ ಭುಜ ಕೊಡಬೇಕು, ಕೊಟ್ಟೆ, ಧಡ್ ಎಂದು ತೆರೆಯಿತು, ಬೆಳಕು ಒಳಗೆ ಬಿತ್ತು, ನೆಲದ ಮೇಲೆ ಒದ್ದೆ ಹೆಜ್ಜೆಗಳೆಲ್ಲ ಮಿಂಚಿದವು, ನನ್ನವು, ನಾದಿನಿಯವು. ಈ ಕಿಟಕಿ ಬಿಗಿ, ಸರಿಮಾಡಿಸ್ತೀನಿ, ಎಂದೆ, ಚೌಕಟ್ಟು ಊದಿದೆ, ಅದನ್ನೂ ಮಾಡಿಸ್ತೀನಿ, ಬಚ್ಚಲಲ್ಲಿ ಒಂದು ಟೈಲು ಟೊಳ್ಳು, ಅದು ಹಾಗೇ ಇರುತ್ತೆ, ಬಿಸಿನೀರು ಬರೋಕೆ ಹಲ್ಲುಜ್ಜಿ ಮುಗಿಯುವಷ್ಟು ಹೊತ್ತು ಕಾಯ್ಬೇಕು, ಮೇಲಿನ ಅಜ್ಜ ಇದ್ದಾರೆ ಅಂತ ನಿಮಗೆ ಗೊತ್ತಾಗುತ್ತೆ, ಚೆನ್ನಾಗೇ ಗೊತ್ತಾಗುತ್ತೆ, ಇಷ್ಟೇ ಈ ಮನೆ ತಪ್ಪು, ಇದಕ್ಕಿಂತ ಹೆಚ್ಚು ನೀವು ಹುಡುಕಿದ್ರೆ ನಾನು ಒಪ್ಪಲ್ಲ. ನಾದಿನಿ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿದ್ದಳು, ಮುಗಿಯಿತು ಎನ್ನುವ ಹಾಗೆ. ಪಾರ್ಲರಿನಾಕೆ ಮಾತ್ರ, ಅಯ್ಯೋ ನಾನೂ ಹೀಗೇ ಕಣ್ರಿ, ಗಿರಾಕಿಗೆ ನಡುನೆತ್ತಿ ಬೋಳಾಗ್ತಿದ್ರೆ ಬಾಯಿ ತಡೆಯೋಲ್ಲ, ಹೇಳೇಬಿಡ್ತೀನಿ, ಬಯ್ದುಕೊಂಡು ಹೋಗ್ತಾರೆ, ಮುಂದಿನ ತಿಂಗಳು ಮತ್ತೆ ನನ್ನ ಹತ್ರಾನೇ ಬರ್ತಾರೆ, ಎನ್ನುತ್ತಾ ಕಿಟಕಿಯ ಹತ್ತಿರ ಬಂದಳು, ಇಡೀ ದಿನ ನಿಂತು ಕೆಲಸ ಮಾಡುವ ಕಾಲು, ಪಾದದ ಗಂಟುಗಳು ಊದಿವೆ, ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸಿದಳು, ಆಮೇಲೆ ಏನೂ ಯೋಚಿಸದೆ, ಯಾರನ್ನೂ ಕೇಳದೆ, ಮೊಣಕೈ ಕಿಟಕಿಯ ಕಟ್ಟೆಯ ಮೇಲಿಟ್ಟು ಒರಗಿ ನಿಂತಳು. ಅಷ್ಟೇ ಮಾಡಿದ್ದು.

ಆ ಕಟ್ಟೆ ಎಷ್ಟು ಎತ್ತರ ಇದೆ, ಮೊಣಕೈಗೆ ಸರಿಯಾಗಿದೆ, ಆಕೆಯ ಮೊಣಕೈ ಅಲ್ಲಿ ಕೂತಿದೆ, ಅಂಗಿಗೆ ಅಳತೆ ತೆಗೆದು ತೋಳು ಕೂರಿಸಿದ ಹಾಗೆ. ಅಷ್ಟು ಸಲ ಒರೆಸಿದ್ದೇನೆ ಆ ಕಟ್ಟೆಯನ್ನು, ಬಿರುಕಿಗೆ ಪುಟ್ಟಿ ಮೆತ್ತಿದ್ದೇನೆ, ಉಪ್ಪುಕಾಗದ ಹಿಡಿದು ಉಜ್ಜಿದ್ದೇನೆ, ಒಂದು ಸಲವಾದರೂ ಅದರ ಮೇಲೆ ಮೊಣಕೈ ಇಟ್ಟು ಹೊರಗೆ ನೋಡಿದೆನೇ, ಇಲ್ಲವಲ್ಲ. ಇಷ್ಟು ಚೆನ್ನಾಗಿದೆ, ನೀವೇ ಯಾಕೆ ಇಲ್ಲಿಗೆ ಬಂದು ಇರಬಾರ್ದು, ಎಂದು ಆಕೆ ಹೊರಗೆ ನೋಡುತ್ತಲೇ ಕೇಳಿದಳು, ಕುಹಕವೇನಿಲ್ಲ, ಸುಮ್ಮನೆ ಕೇಳಿದ್ದು, ನಾನಾ, ನಾವಾ, ನಾವು ಕಾರ್ಖಾನೆ ಹತ್ರ ಒಂದು ಕೋಣೇಲಿ ಬಾಡಿಗೆಗಿದ್ದೀವಿ ಎಂದೆ, ಅಲ್ಲಿ ಬಾಡಿಗೆ ಕಡಿಮೆ, ಇಲ್ಲಿ ನಾವೇ ಬಂದು ಕೂತ್ರೆ ಕಂತು ಕಟ್ಟೋರು ಯಾರು, ನೀವು ಇಲ್ಲಿದ್ರೇನೇ ಮನೆ ನಮ್ಮದಾಗಿ ಉಳಿಯೋದು — ಹೇಳಿದ ಮೇಲೆ ಕೇಳಿಸಿಕೊಂಡೆ, ಏನು ತಮಾಷೆ ನೋಡು, ಇನ್ನೊಬ್ಬರಿಗೆ ಕೊಟ್ಟರೆ ನನ್ನದು, ನಾನೇ ಇಟ್ಟುಕೊಂಡರೆ ಕೈತಪ್ಪುತ್ತದೆ, ಯಜಮಾನಿ ಎಂದರೆ ಕೀ ಕೊಟ್ಟು ಕೆಳಗಿಳಿದು ಹೋಗುವವಳು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ, ಆ ಮೊಣಕೈ ಕಂಡು ಹೊಟ್ಟೆಕಿಚ್ಚಾಯಿತು, ಅದರ ಹಿಂದೆಯೇ ಒಂದು ಖುಷಿ ಬಂತು, ನನ್ನ ಕಟ್ಟೆಯ ಮೇಲೆ ಆಕೆ ಹಾಯಾಗಿದ್ದಾಳೆ ಎಂದು, ಎರಡೂ ಒಟ್ಟಿಗೆ, ಯಾವುದು ಯಾವುದು ಎಂದು ಬಿಡಿಸಲಾಗದಷ್ಟು. ಪಾರ್ಲರಿನಾಕೆ ತಿರುಗಿ ನನ್ನನ್ನು ನೋಡಿ, ಮೇಷ್ಟ್ರೇ, ಸಾಮಾನು ನಾಳೇನೇ ತರೋಣ, ಎಂದಳು, ಮೇಷ್ಟ್ರು, ನಾಳೆ ಎರಡು ಕ್ಲಾಸಿದೆ, ಎಂದರು, ಕ್ಲಾಸು ಹಾಳಾಗ್ಲಿ, ಎಂದಳು, ಆಯ್ತು, ಎಂದರು. ಬಾಡಿಗೇಲಿ ಹೆಚ್ಚುಕಡಿಮೆ ಮಾಡೋದೇನೂ ಬೇಡ, ನೆಲ ಸರಿ ಇದೆ, ಎಂದೂ ಹೇಳಿದರು, ನನ್ನ ಕಡೆ ನೋಡದೆ. ನಾದಿನಿ ಕಣ್ಣು ಬಿಟ್ಟಳು, ಎರಡು ನಿಮಿಷ ಬಾಯಿ ಮುಚ್ಚಿಕೊಂಡಿದ್ದದ್ದು ಅವಳ ಜೀವಮಾನದ ದಾಖಲೆ ಇರಬೇಕು, ಆಮೇಲೆ ಶುರುವಾಯಿತು, ನಾನು ಹೇಳ್ಲಿಲ್ವಾ, ಮೊದಲ್ನೇ ಸಲ ನೋಡ್ದಾಗ್ಲೇ ಅಂದ್ಕೊಂಡೆ, ಈ ಮನೆ ನಿಮಗೇ ಅಂತ ಕಟ್ಟಿಸಿದ ಹಾಗಿದೆ, ಹಾಕ್ಕೊಳ್ತಾ ಹಾಕ್ಕೊಳ್ತಾ — ಅಲ್ಲ, ಇರ್ತಾ ಇರ್ತಾ —

ಸ್ವಲ್ಪ ಹೊತ್ತು ಇಲ್ಲೇ ಇರ್ತೀವಿ, ಏನೇನು ಎಲ್ಲೆಲ್ಲಿ ಇಡ್ಬೇಕು ನೋಡ್ಕೋತೀವಿ, ಪರ್ವಾಗಿಲ್ವಾ, ಎಂದು ಆಕೆ ಕೇಳಿದಾಗ ಹೂಂ ಎಂದೆ, ಇವತ್ತು ನನಗೆ ಕೊಟ್ಟಿದ್ದ ಎರಡು ಮಾತಿನಲ್ಲಿ ಒಂದು ಕೊನೆಗೂ ಕೆಲಸಕ್ಕೆ ಬಂತು. ಕೀ ಗೊಂಚಲು ಆಕೆಯ ಅಂಗೈಗೆ ಹಾಕಿದೆ, ಕೈ ವಾಪಸು ತೆಗೆಯಲು ಒಂದು ಗಳಿಗೆ ಹೆಚ್ಚೇ ಹಿಡಿಯಿತು. ಮೆಟ್ಟಿಲಿಳಿಯುತ್ತಾ ನಾದಿನಿ, ಅತ್ತಿಗೆ, ನೀವು ಚಪ್ಪಲಿ ಅಂಗಡಿಗೆ ಬಂದ್ರೆ ಒಂದೇ ದಿನದಲ್ಲಿ ಅಂಗಡಿ ಮುಚ್ಚಿಸ್ತೀರಿ, ಇಲ್ಲಾ ಎರಡು ಮಾಡಿಸ್ತೀರಿ, ಎಂದು ಒದ್ದೆ ಕಾಲುಚೀಲ ಹಿಂಡುತ್ತಿದ್ದಾಳೆ, ಕೆಳಗೆ ಹಾಸಿಗೆ ಅಂಗಡಿಯಲ್ಲಿ ನಮ್ಮ ದಾರಿ ಕಾಯಲು ಕೂತಿದ್ದ ನಮ್ಮವರು, ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಹಾಸಿಗೆಯ ಮೇಲೆ ಸುಖವಾಗಿ ಗೊರಕೆ ಹೊಡೆಯುತ್ತಿದ್ದಾರೆ, ಬೆಳಿಗ್ಗೆ ಗುಡುಗಿದ ಮನುಷ್ಯ, ಬಾಯಿ ಅರ್ಧ ತೆರೆದು, ಅಂಗಡಿಯವರು ಪಕ್ಕದ ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದಾರೆ, ಏನಮ್ಮಾ, ಹೋದ್ರಾ ಅವ್ರೂನೂ, ಎಂದರು ಆಸೆಯಿಂದ, ಇಲ್ಲ, ಬಂದ್ರು, ಎಂದೆ, ಪಾಪ, ಅವರ ಮುಖ ಗಾಳಿ ಬಿಟ್ಟ ಹಾಸಿಗೆಯಾಯಿತು, ಬಂದ್ರು ಅಂದ್ರೆ ಸಾಮಾನೆಲ್ಲ ಹೊಸದಾಗಿ ಕೊಳ್ಳೋರು, ಎರಡು ಹಾಸಿಗೆ ನಿಮ್ಮ ಹತ್ರಾನೇ ತಗೊಳ್ತಾರೆ ಬಿಡಿ, ಎಂದು ಸಮಾಧಾನ ಮಾಡಿ ನಮ್ಮವರ ಭುಜ ಅಲ್ಲಾಡಿಸಿದೆ, ಏಳ್ರೀ, ಅವರು ಕಣ್ಣುಜ್ಜಿಕೊಂಡು, ಮಾತಾಡಿದ್ಯಾ, ಎಂದರು ಮೊದಲ ಮಾತೇ, ಮಾತಾಡ್ದೆ, ಎಂದೆ, ಎಷ್ಟು, ಎಂದರು, ಎಲ್ಲಾನೂ, ಎಂದೆ, ಅವರು ಹಣೆಗೆ ಕೈ ಹಚ್ಚಿದರು, ನಾದಿನಿ ಮೇಷ್ಟ್ರು ಕೊಟ್ಟ ಮುಂಗಡದ ಲಕೋಟೆಯನ್ನು ಅವರ ಹೊಟ್ಟೆಯ ಮೇಲೆ ಇಟ್ಟಳು, ಅವರು ಅದನ್ನೂ ನನ್ನನ್ನೂ ಬದಲಾಯಿಸಿ ಬದಲಾಯಿಸಿ ನೋಡುತ್ತಾ ಕೂತುಬಿಟ್ಟರು, ನಾನು ಹೊರಗೆ ಬಂದೆ, ನಾಳೆ ಬಡಗಿಗೆ ಹೇಳಬೇಕು ಚೌಕಟ್ಟಿಗೆ, ನಲ್ಲಿಗೆ ವಾಷರು, ಸ್ವಿಚ್ ಬೋರ್ಡಿನ ಕೆಳಗಿನ ಆ ಹೆಬ್ಬೆರಳ ಗುರುತು, ಅದನ್ನು ಒರೆಸದೇ ಬಂದೆನಲ್ಲ, ಹೋಗಿ ಒಂದೇ ನಿಮಿಷ ಒರೆಸಿ ಬರಲೇ, ಛೆ, ಇನ್ನು ಹಾಗೆಲ್ಲ ನುಗ್ಗುವಂತಿಲ್ಲ, ಇನ್ನು ಅಲ್ಲಿ ಬೇರೆಯವರ ಬೆರಳ ಗುರುತುಗಳು ಬೀಳುತ್ತವೆ, ಬೀಳಲಿ, ಇದಕ್ಕೇ ತಾನೇ ಇಷ್ಟೆಲ್ಲ, ಇನ್ನೂ ಸ್ವಲ್ಪ ಕೂಡಿಟ್ಟು ಇಂಥದ್ದೇ ಇನ್ನೊಂದು, ಆಮೇಲೆ ಎಂದಾದರೊಂದು ದಿನ ಇದಕ್ಕೇ ನಾವೇ, ನಾನು, ಸಂಜೆ ಕೆಲಸ ಮುಗಿಸಿ ಬಂದು, ಟೀ ಲೋಟ ಹಿಡಿದು, ಅಲ್ಲಿ — ಎಂದುಕೊಳ್ಳುತ್ತಾ ರಸ್ತೆ ದಾಟಿ ತಿರುಗಿ ನೋಡಿದರೆ ಮೇಲೆ ಕಿಟಕಿ ತೆರೆದೇ ಇದೆ, ಮುಖ ಕಾಣುತ್ತಿಲ್ಲ, ಒಳಗೆ ಯಾರಿಗೋ ಏನೋ ಹೇಳಿ ನಗುತ್ತಿರಬೇಕು, ಮೊಣಕೈ ಮಾತ್ರ, ಬಿಸಿಲಲ್ಲಿ, ಕಟ್ಟೆಯ ಮೇಲೆ, ಮನೆಯವರ ಮೊಣಕೈ, ಬಾಣ ಅಂಟಿಸಲು ಎಲ್ಲೂ ಜಾಗವಿಲ್ಲ, ನಾದಿನಿ ಬಸ್ಸು ಬಂತು ಅತ್ತಿಗೇ ಎನ್ನುತ್ತಿದ್ದಾಳೆ, ಬರ್ತೀನಿ ತಡಿ, ಬಂದೆ, ಆ ಮೊಣಕೈ, ನನ್ನ ಕಟ್ಟೆಯ ಮೇಲೆ, ಆ ಮೊಣಕೈ